ಈ ಸೀಸನ್ ಒಂದು ಮುಗೀಲಿ

ಬೆಳ್ಳಾರೆಯ ಸ್ಟುಡಿಯೋದಣ್ಣನಿಗೆ ಒಂದು ಹೆಸರುಂಟು. ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಾಗುವುದಿಲ್ಲ. ನಾನೂ ಬಳಸುವುದಿಲ್ಲ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನಲ್ಲಿ ಪೇಟೆಗೊಬ್ಬರು ಇಂಥವರಿದ್ದಾರೆ; ಒಬ್ಬರ ಹೆಸರು ಹಾಕಿದರೆ ಉಳಿದವರಿಗೆ ಬೇಸರವಾದೀತು. ಗುರುತು ಮಾತ್ರ ಹೇಳುತ್ತೇನೆ. ಅಂಗಡಿಗೆ ಯಾರು ಬಂದರೂ ಮಾತಾಡಿಸುವ ಮೊದಲು ಅವರ ಗಲ್ಲವನ್ನು ಎರಡು ಬೆರಳಲ್ಲಿ ಕೊಂಚ ಎತ್ತಿ ಬಲಕ್ಕೆ ತಿರುಗಿಸುತ್ತಾರೆ. ಆಮೇಲೆ, ಕೇಳಲಿ ಕೇಳದಿರಲಿ, ಒಂದು ಮಾತು: "ಹೊಸ ವರ್ಷನ್ ಹಾಕ್ಬೇಕು ಮಾರಾಯ್ರೆ. ಈ ಸೀಸನ್ ಒಂದು ಮುಗೀಲಿ."

ಸೀಸನ್ ಅಂದರೆ ಮದುವೆ ಸೀಸನ್. ಅದು ಮುಗಿದರೆ ಮಳೆ. ಮಳೆಗಾಲದಲ್ಲಿ ಕರೆಂಟಿಲ್ಲ, ಆಟಿಯಲ್ಲಿ ಶುಭಕಾರ್ಯವಿಲ್ಲ, ಆದ್ದರಿಂದ ಕೈಯಲ್ಲಿ ದುಡ್ಡಿಲ್ಲ. ಮತ್ತೆ ಅಷ್ಟಮಿ, ಚೌತಿ, ದಸರಾ ಎಂದು ಫ್ಲೆಕ್ಸಿನ ಕಾಟ. ದೀಪಾವಳಿ ಕಳೆಯಿತೆಂದರೆ ಅಡಿಕೆ ಕೊಯ್ಲು, ನೇಮ, ಒತ್ತೆಕೋಲ, ಬ್ರಹ್ಮಕಲಶ. ಅಷ್ಟರಲ್ಲಿ ಮುಂದಿನ ಮದುವೆ ಸೀಸನ್ ಬಾಗಿಲಿಗೆ ಬಂದು ನಿಂತಿರುತ್ತದೆ. ಅಣ್ಣನ ಪಂಚಾಂಗದಲ್ಲಿ ವರ್ಷನ್ ಬದಲಿಸಲು ಮುಹೂರ್ತವೇ ಇಲ್ಲ.

ಈಗ ಅವರಲ್ಲಿರುವುದು ಫೋಟೋಶಾಪ್ 7.0. ಅಡೋಬಿ ಕಂಪೆನಿ ಅದನ್ನು ಹೊರತಂದದ್ದು 2002ರಲ್ಲಿ. ಆಗ ಅಮೆರಿಕದಲ್ಲಿ ಅದರ ಬೆಲೆ 609 ಡಾಲರ್. ಅಣ್ಣನಿಗೆ ಅದು ಬೆಂಗಳೂರಿಂದ ಬಂದ ಭಾವನ ಬ್ಯಾಗಿನಲ್ಲಿ, ಮೇಲೆ ಸ್ಕೆಚ್ ಪೆನ್ನಿನಲ್ಲಿ '7' ಎಂದು ಬರೆದ ಒಂದು ಸಿಡಿಯಾಗಿ ಬಂತು. ಹಳೆಯದಕ್ಕೆ ಭಾವನಿಗೊಂದು ಚಹಾ ಬಿಟ್ಟರೆ ಬೇರೇನೂ ಖರ್ಚು ಮಾಡದ ಮನುಷ್ಯ, ಹೊಸದು ಕೊಟ್ಟ ದುಡ್ಡಿಗೆ ಬಾಳುತ್ತದೋ ಇಲ್ಲವೋ ಎಂದು ಇಷ್ಟು ವರ್ಷ ತೂಗಿ ನೋಡುತ್ತಿರುವುದನ್ನು ಕಂಡರೆ ನನಗೆ ಗೌರವವೇ ಮೂಡುತ್ತದೆ.

7.0ನ್ನು ಟೀಕಿಸಿದರೆ ಅಣ್ಣ ಸುಮ್ಮನಿರುವುದಿಲ್ಲ. "ಹೀಲಿಂಗ್ ಬ್ರಶ್ ಬಂದದ್ದೇ ಏಳರಲ್ಲಿ. ಮೊಡವೆ ಹೋಗ್ತದೆ, ಕಣ್ಣಡಿಯ ಕಪ್ಪು ಹೋಗ್ತದೆ. ಮದುವೆಗೆ ಅದಕ್ಕಿಂತ ಹೆಚ್ಚು ಎಂತ ಬೇಕು?" ಮಾತಿನಲ್ಲಿ ಸತ್ಯವುಂಟು. ಆ ಒಂದು ಬ್ರಶ್ಶಿನಿಂದ ಅವರು ಬೆಳ್ಳಾರೆ ಸುತ್ತಿನ ಒಂದು ತಲೆಮಾರಿನ ಮುಖ ತೊಳೆದಿದ್ದಾರೆ. ಗಲ್ಫಿನಿಂದ ರಜೆ ಸಿಗದ ಮಗನನ್ನು ಅಕ್ಕನ ಮದುವೆಯ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿಗೆ ನಿಲ್ಲಿಸಿದ್ದಾರೆ. ಪಾಲು ಪಂಚಾತಿಕೆಯಾದ ಮರುವಾರ ಅದೇ ಆಲ್ಬಮ್ಮಿನಿಂದ ಚಿಕ್ಕಪ್ಪನನ್ನು ತೆಗೆದು ಆ ಜಾಗಕ್ಕೆ ಬಾಳೆಗಿಡ ತಂದಿದ್ದಾರೆ. ರಾಜಿಯಾದ ಮೇಲೆ ಬಾಳೆಗಿಡ ಕಿತ್ತು ಚಿಕ್ಕಪ್ಪನನ್ನು ಮತ್ತೆ ನೆಟ್ಟದ್ದೂ ಉಂಟು. ಆ ಫೈಲು ಈಗಲೂ ಜೋಪಾನವಾಗಿದೆ, ಲೇಯರ್ ಬೇರೆ ಬೇರೆ ಇಟ್ಟಿದ್ದಾರೆ. ಸಂಸಾರದ ವಿಷಯ, ಹೇಳಲಿಕ್ಕಾಗುವುದಿಲ್ಲ.

ಅಪ್‌ಗ್ರೇಡಿಗೆ ಅವರು ಒಡ್ಡುವ ಅಡ್ಡಿಗಳಲ್ಲಿ ಮೊದಲನೆಯದು ಕೈಯದ್ದು. ಫೋಟೋ ಹಿಗ್ಗಿಸುವಾಗ ಅಳತೆ ಕೆಡಬಾರದೆಂದರೆ ಶಿಫ್ಟ್ ಕೀಲಿ ಒತ್ತಿ ಹಿಡಿಯಬೇಕು; ಇದು ಹಳೆಯ ನಿಯಮ. 2018ರ ಕೊನೆಗೆ ಬಂದ ಆವೃತ್ತಿಯಲ್ಲಿ ಅದನ್ನು ತಿರುವುಮುರುವು ಮಾಡಿದರು: ಸುಮ್ಮನೆ ಎಳೆದರೆ ಅಳತೆ ಸರಿ, ಶಿಫ್ಟ್ ಒತ್ತಿದರೆ ಕೆಡುತ್ತದೆ. ಅಳಿಯನ ಲ್ಯಾಪ್‌ಟಾಪಿನಲ್ಲಿ ಅಣ್ಣ ಒಮ್ಮೆ ಕೈ ಆಡಿಸಿ ನೋಡಿದರು. ಅಭ್ಯಾಸಬಲದಿಂದ ಶಿಫ್ಟ್ ಒತ್ತಿದ್ದೇ, ಸಪೂರ ಮದುಮಗ ಕ್ಷಣದಲ್ಲಿ ಗಡಂಗಿನ ಮಾಲೀಕನಾಗಿಬಿಟ್ಟ. "ಇದು ಬೇಕಾ ನಮಗೆ?" ಎಂದು ಲ್ಯಾಪ್‌ಟಾಪ್ ಮುಚ್ಚಿದರು.

ಎರಡನೆಯದು ಬಾಲ. ಹೊಸ ವರ್ಷನಿಗೆ ಕನಿಷ್ಠ 8 ಜಿಬಿ ರ್ಯಾಮ್ ಬೇಕು, 16 ಇದ್ದರೆ ಒಳ್ಳೆಯದು. ಅಣ್ಣನ ಪೆಂಟಿಯಂನಲ್ಲಿರುವುದು 512 ಎಂಬಿ. ಹಾಗಾದರೆ ಕಂಪ್ಯೂಟರೇ ಹೊಸದಾಗಬೇಕು. ಕಂಪ್ಯೂಟರ್ ಹೊಸದಾದರೆ ವಿಂಡೋಸ್ ಹೊಸದು. ವಿಂಡೋಸ್ ಹೊಸದಾದರೆ ಪ್ರಿಂಟರ್ ಕೆಲಸ ಮಾಡುವುದಿಲ್ಲ, ಅದು ಎಕ್ಸ್‌ಪಿ ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವ ಜಾತಿಯದ್ದಲ್ಲ. ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ ಕೈಬಿಟ್ಟದ್ದು 2014ರ ಏಪ್ರಿಲ್‌ನಲ್ಲಿ. ಆಗ ಎಲ್ಲರೂ ಬದಲಿಸಿ ಬದಲಿಸಿ ಎಂದರು. ಮುಂದೆ ವಿಂಡೋಸ್ 10 ಬಂದಾಗಲೂ ಅದೇ ಒತ್ತಾಯ. ಅಣ್ಣ ಅಲುಗಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಆ 10ರ ಬೆಂಬಲವನ್ನೂ ನಿಲ್ಲಿಸಿದರಷ್ಟೆ, ಅವತ್ತು ಅಣ್ಣನ ಮುಖ ನೋಡಬೇಕಿತ್ತು. "ಕಂಡ್ರಾ? ಅವಸರ ಮಾಡಿದವರಿಗೆ ಎಂತ ಸಿಕ್ಕಿತು? ನಾನು ಎರಡು ಖರ್ಚು ಉಳಿಸಿದೆ." ಮಾಡದೇ ಇದ್ದ ಖರ್ಚನ್ನು ಆದಾಯವೆಂದು ಬರೆಯುವ ಪುಸ್ತಕವೊಂದು ಅವರ ತಲೆಯಲ್ಲಿದೆ.

ಆದರೆ ನಿಜವಾದ ತಕರಾರು ಬೇರೆ. 2013ರಿಂದೀಚೆಗೆ ಫೋಟೋಶಾಪಿನ ಹೊಸ ಆವೃತ್ತಿಗಳು ಕ್ರಯಕ್ಕೆ ಸಿಗುವುದಿಲ್ಲ. ತಿಂಗಳಿಗಿಷ್ಟು, ವರ್ಷಕ್ಕಿಷ್ಟು ಎಂದು ಕಟ್ಟುತ್ತಿರಬೇಕು. ಕಟ್ಟುವುದು ನಿಂತರೆ ಅದೂ ನಿಲ್ಲುತ್ತದೆ. ಇದನ್ನು ಅಳಿಯ ವಿವರಿಸಿದ ದಿನ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಅಂದ್ರೆ ಚಾಲಗೇಣಿ."

ಅಲ್ಲಿಗೆ ಅಳಿಯನ ಕೆಲಸ ಕೆಟ್ಟಿತು. ಅಣ್ಣನ ಅಜ್ಜ ಚಾಲಗೇಣಿಗೆ ದುಡಿದವರು; ಧಣಿ ಏಳು ಎಂದ ದಿನ ಏಳಬೇಕಾದ ಒಕ್ಕಲು. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಷನ್ ಕೊಟ್ಟು ಆದ ಜಾಗದಲ್ಲೇ ಇವತ್ತಿನ ಅಡಿಕೆ ತೋಟವಿರುವುದು. "ಅಜ್ಜ ಬಿಡಿಸಿಕೊಂಡ ಗೇಣಿಯನ್ನು ಮೊಮ್ಮಗ ಅಮೆರಿಕಕ್ಕೆ ಕಟ್ಟುದಾ? ಇದಕ್ಕೆ ಡಿಕ್ಲರೇಷನ್ ಕೊಡುವ ಟ್ರಿಬ್ಯುನಲ್ ಎಲ್ಲುಂಟು, ಹೇಳು." ಸುಳ್ಯದ ಕೆವಿಜಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ, ಇದು ಅವನ ಸಿಲೆಬಸ್ಸಿನಲ್ಲಿಲ್ಲ.

ಪೇಪರ್ ಓದಲು ಬಂದು ಕೂತಿದ್ದ ನಿವೃತ್ತ ಮಾಸ್ಟ್ರಿಗೆ ಇದು ಸಾಕಾಯಿತು. ಬೆಳ್ಳಾರೆಯಲ್ಲಿ ಕಂಪೆನಿ ಎಂಬ ಶಬ್ದವನ್ನು ಅವರೆದುರು ಎತ್ತಲೇಬಾರದು. ಕೊಡಗಿನ ಅರಸರ ಕಾಲದಲ್ಲಿ ಬೆಳೆಯಲ್ಲೇ ಕಂದಾಯ ಕೊಡುತ್ತಿದ್ದ ಇಲ್ಲಿನ ರೈತರಿಗೆ, ಈಸ್ಟ್ ಇಂಡಿಯಾ ಕಂಪೆನಿ ನಗದಿನಲ್ಲೇ ಕಟ್ಟಬೇಕೆಂದದ್ದು, 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಜೊತೆ ಎದ್ದ ಜನ ಇದೇ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನ ತನಕ ನಡೆದದ್ದು, ಎಲ್ಲವೂ ಬಂತು. ಪಾಸ್‌ಪೋರ್ಟ್ ಫೋಟೋಕ್ಕೆ ಕಾದಿದ್ದ ಇಬ್ಬರು ಕಣ್ಣರಳಿಸಿ ಕೇಳಿದರು. ನಗದು ಕೇಳಿದ ಕಂಪೆನಿಗೆ ಬೆಳ್ಳಾರೆ ಕೊಟ್ಟ ಉತ್ತರದ ಮುಂದುವರಿದ ಭಾಗವೇ ತಾನು ಎಂಬಂತೆ ಅಣ್ಣ ಮೌಸ್ ಹಿಡಿದು ಕೂತಿದ್ದರು.

ಅಳಿಯ ಸೋಲೊಪ್ಪಲಿಲ್ಲ. 2023ರಲ್ಲಿ ಬಂದ ಹೊಸ ಸೌಕರ್ಯವೊಂದನ್ನು ತೋರಿಸಿದ. ಬೇಕಾದ್ದನ್ನು ಮಾತಿನಲ್ಲಿ ಬರೆದರೆ ಚಿತ್ರದಲ್ಲಿ ಅದೇ ತುಂಬಿಕೊಳ್ಳುತ್ತದೆ. ಹಿಂದಿನ ನೇಮದ ಫೋಟೋವೊಂದರಲ್ಲಿ ದೈವದ ಅಣಿಯ ಪಕ್ಕಕ್ಕೇ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಬಂದು ಕೂತಿತ್ತು. ಹುಡುಗ ಅಷ್ಟು ಜಾಗ ಆರಿಸಿ ಕುರ್ಚಿ ಬೇಡವೆಂದ. ಬಿಎಸ್ಸೆನ್ನೆಲ್ ಉಸಿರು ಕಟ್ಟಿ ಓಡಿತು, ಏಕೆಂದರೆ ಆ ಕೆಲಸ ನಡೆಯುವುದು ನಮ್ಮ ಯಂತ್ರದಲ್ಲಲ್ಲ, ಕಂಪೆನಿಯ ಸರ್ವರಿನಲ್ಲಿ. ಕುರ್ಚಿ ಹೋಯಿತು. ಜೊತೆಗೆ ಅಣಿಯ ಅಂಚಿನ ತೆಂಗಿನ ಸಿರಿಯೂ ಹೋಗಿ ಅಲ್ಲಿ ಎಂಥದೋ ಹಕ್ಕಿಯ ಗರಿ ಹುಟ್ಟಿತ್ತು. ಅಣ್ಣ ಎದ್ದು ನಿಂತು ಕೈಮುಗಿದರು. "ತೆಗೆ, ತೆಗೆ. ನಾಳೆ ತಪ್ಪುಕಾಣಿಕೆ ಹಾಕ್ಬೇಕಾಗಿ ಬಂದ್ರೆ ಯಾರು ಹಾಕುದು? ಅವನಾ, ನಾನಾ?"

"ಹಾಗಾದ್ರೆ ಜಿಂಪ್ ಹಾಕಿ ಮಾವ, ಅದಕ್ಕೆ ದುಡ್ಡೇ ಇಲ್ಲ," ಎಂದ ಹುಡುಗ. ಅದು ನಿಜಕ್ಕೂ ಧರ್ಮಕ್ಕೆ ಸಿಗುವ, ಕಾನೂನಿಗೂ ಒಪ್ಪುವ ತಂತ್ರಾಂಶ. ಅಣ್ಣ ಅನುಮಾನದಿಂದ ನೋಡಿದರು. ಕದ್ದದ್ದರಲ್ಲಿ ಇಲ್ಲದ ಹೆದರಿಕೆ ಪುಕ್ಕಟೆಯದ್ದರಲ್ಲಿ. "ದುಡ್ಡಿಲ್ಲದೆ ಯಾರಾದ್ರೂ ಕೊಡ್ತಾರಾ? ಒಳಗೆ ಏನಾದ್ರೂ ಇರ್ತದೆ."

ನನ್ನನ್ನು ಕೇಳಿದರೆ ವರ್ಷನ್ ಬದಲಿಸಲು ಗಟ್ಟಿ ಕಾರಣ ಒಂದೇ, ಅದು ಕನ್ನಡ. ಶ್ರದ್ಧಾಂಜಲಿ ಬ್ಯಾನರಿನ ಒಕ್ಕಣೆಯನ್ನು ಜನ ಈಗ ವಾಟ್ಸಾಪಿನಲ್ಲಿ ಯುನಿಕೋಡ್ ಅಕ್ಷರದಲ್ಲೇ ಕಳಿಸುತ್ತಾರೆ. 7.0ಕ್ಕೆ ಅದನ್ನು ಅಂಟಿಸಿದರೆ ಒತ್ತಕ್ಷರಗಳೆಲ್ಲ ದಿಕ್ಕಾಪಾಲು. ಆಮೇಲೆ ಅಣ್ಣ ಕನ್ನಡಕ ಏರಿಸಿ ಎಲ್ಲವನ್ನೂ ನುಡಿಯಲ್ಲಿ ಮತ್ತೆ ಟೈಪ್ ಮಾಡಬೇಕು. ಹಾಗೆ ಮಾಡುವಾಗ ದಿವಂಗತರ ಮನೆಯ ಹೆಸರಿನಲ್ಲೊಂದು ಕೊಂಬು ಬಿದ್ದುಹೋಗಿ ಬೊಜ್ಜದ ದಿನ ಜಗಳ. ಹೊಸ ಆವೃತ್ತಿಗಳಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಇದನ್ನು ಹೇಳಿದೆ. ಅಣ್ಣ ಮೊದಲ ಸಲ ಮೆತ್ತಗಾದರು. ಹೊರಗೆ ಅಡಿಕೆ ರೇಟು ಕೇಳಿಕೊಂಡು ಬಂದರು. ಕ್ಯಾಲ್ಕುಲೇಟರ್ ಒತ್ತಿದರು. ಅಳಿಯ ಉಸಿರು ಬಿಗಿಹಿಡಿದು ಕೂತ.

"ಮಾಡುವ," ಎಂದರು ಅಣ್ಣ. "ಆದ್ರೆ ತೋಟಕ್ಕೆ ಹಳದಿ ರೋಗ ಬಂದ ಹಾಗೆ ಕಾಣ್ತದೆ. ಒಂದು ಕೊಯ್ಲು ನೋಡುವ."

ಬೆಳ್ಳಾರೆ ಕಡೆ ಬಂದವರು ಪಾಸ್‌ಪೋರ್ಟ್ ಫೋಟೋಕ್ಕೆ ಧೈರ್ಯವಾಗಿ ಅಲ್ಲಿಗೇ ಹೋಗಿ. 35 ಗುಣಿಸು 45 ಮಿಲಿಮೀಟರ್ ಅಳತೆ ತಪ್ಪುವುದಿಲ್ಲ, ಒಂದು ಹಾಳೆಗೆ ಎಂಟು ಪ್ರತಿ, ಚಹಾ ಕುಡಿದು ಬರುವುದರೊಳಗೆ ಕೈಗೆ ಸಿಗುತ್ತದೆ. ವರ್ಷನ್ ವಿಷಯ ಮಾತ್ರ ಎತ್ತಬೇಡಿ. ಎತ್ತಿದಿರೋ, ಮಾಸ್ಟ್ರು ಪೇಪರ್ ಮಡಚುತ್ತಾರೆ, ನಿಮ್ಮ ಪುತ್ತೂರು ಬಸ್ಸು ಹೋಗುತ್ತದೆ.