ಅಪ್ಪನ ಪೆನ್ಸಿಲ್ಲಿಗೊಂದು ಪುಸ್ತಕ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ವಿದ್ಯುತ್ ಮಂಡಳಿಯಿಂದಲೋ ಲೋಕೋಪಯೋಗಿ ಇಲಾಖೆಯಿಂದಲೋ ನಿವೃತ್ತರಾಗಿ, ಕೆಟ್ಟ ಮಿಕ್ಸಿಯನ್ನು ಅಂಗಡಿಗೆ ಒಯ್ಯಗೊಡದೆ ತಾವೇ ಬಿಚ್ಚಿ ಕೂರುವ ತಂದೆಯರ ವರ್ಗವೊಂದಿದ್ದು, ಈ ವರ್ಗಕ್ಕೆ ಉಡುಗೊರೆಯಾಗಿ ಪುಸ್ತಕ ಆರಿಸುವುದು ಮಕ್ಕಳು ಎಣಿಸಿದಷ್ಟು ಸುಲಭವಲ್ಲ. ಬೀಳ್ಕೊಡುಗೆಯ ದಿನ ಶಾಲು, ಹಾರ, ಫಲತಾಂಬೂಲಗಳೊಡನೆ ‘ಮಂಕುತಿಮ್ಮನ ಕಗ್ಗ’ ಹೇಗೂ ಮನೆಗೆ ಬಂದಿರುತ್ತದೆ. ಸಹೋದ್ಯೋಗಿಗಳು ತಮ್ಮತಮ್ಮಲ್ಲಿ ವಿಚಾರಿಸಿಕೊಳ್ಳದೆ ತಂದದ್ದರಿಂದ ಎರಡು ಮೂರು ಪ್ರತಿಗಳು ಬಂದಿರುವುದೂ ಉಂಟು. 1943ರಲ್ಲಿ ಪ್ರಕಟವಾದ ಆ ಕೃತಿಯ ಹಿರಿಮೆಯನ್ನು ಯಾರೂ ಅಲ್ಲಗಳೆಯರು; ಆದರೆ ಅರವತ್ತು ತುಂಬಿದ ಮರುದಿನದಿಂದ ಮನುಷ್ಯನಿಗೆ ವೇದಾಂತವೊಂದೇ ಸಾಕೆಂಬ ನಂಬಿಕೆ ನಿವೃತ್ತರನ್ನುಳಿದು ಮಿಕ್ಕೆಲ್ಲರಲ್ಲೂ ಬೇರೂರಿದೆ.

ಈ ನಂಬಿಕೆಗೆ ವಿರುದ್ಧವಾದ ಸಾಕ್ಷ್ಯ ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ದೊರೆಯುತ್ತದೆ. ಅಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1918ರಲ್ಲಿ ಮೈಸೂರಿನ ದಿವಾನಗಿರಿಯನ್ನು ಬಿಟ್ಟ ಬಳಿಕ ನಾಲ್ಕು ದಶಕಗಳಿಗೂ ಮಿಕ್ಕಿ ಬದುಕಿದ್ದು, 1934ರಲ್ಲಿ ದೇಶದ ಯೋಜಿತ ಆರ್ಥಿಕ ವ್ಯವಸ್ಥೆಯ ಕುರಿತು ಪುಸ್ತಕ ಬರೆದರು; 1951ರಲ್ಲಿ, ತೊಂಬತ್ತರ ಅಂಚಿನಲ್ಲಿ, ತಮ್ಮ ನೆನಪುಗಳನ್ನು ಪ್ರಕಟಿಸಿದಾಗಲೂ ಅದಕ್ಕೆ ದುಡಿಮೆಯ ಬದುಕಿನ ನೆನಪುಗಳೆಂದೇ ಹೆಸರಿಟ್ಟರು.

ತಾಂತ್ರಿಕ ಮನಸ್ಸಿನ ತಂದೆಯ ಓದು ತಪಾಸಣೆಯ ಸ್ವರೂಪದ್ದಾಗಿರುತ್ತದೆ. “ಎಷ್ಟಾಯ್ತಪ್ಪಾ ಇದಕ್ಕೆ?” ಎಂಬುದು ಅದರ ಮೊದಲ ಹಂತ, ಬಳಿಕ ಪುಸ್ತಕದ ಬೆನ್ನನ್ನು ಬಗ್ಗಿಸಿ ಹೊಲಿಗೆಯೋ ಬರೀ ಅಂಟೋ ಎಂದು ನೋಡಲಾಗುತ್ತದೆ, ಮುನ್ನುಡಿಯನ್ನು ದಾಟಿ ನೇರವಾಗಿ ಚಿತ್ರಗಳಿಗೆ ಹೋಗಿ, ಅಳತೆಗಳಿಲ್ಲದ ನಕ್ಷೆ ಕಂಡರೆ ಲೇಖಕನ ಯೋಗ್ಯತೆಯನ್ನು ಅಲ್ಲಿಯೇ ನಿರ್ಣಯಿಸಲಾಗುತ್ತದೆ. ಗೌರಿಬಿದನೂರಿನ ಬಳಿಯ ರೇಡಿಯೊ ದೂರದರ್ಶಕದ ವಿಷಯವನ್ನೇ ತೆಗೆದುಕೊಳ್ಳಬಹುದು. ‘ಟಿ’ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾಗಳನ್ನು ನಿಲ್ಲಿಸಿ ಕಟ್ಟಿದ ಈ ಏರ್ಪಾಡು 34.5 ಮೆಗಾಹರ್ಟ್ಸ್ ಆವರ್ತನಾಂಕದಲ್ಲಿ, ಅಂದರೆ ಸೆಕೆಂಡಿಗೆ ಮೂರೂವರೆ ಕೋಟಿಯಷ್ಟು ಸಲ ಕಂಪಿಸುವ ಅಲೆಗಳಲ್ಲಿ, ಆಕಾಶವನ್ನು ಆಲಿಸುವುದಕ್ಕಾಗಿ ರೂಪುಗೊಂಡಿತು. ಇಷ್ಟನ್ನು ಓದಿದೊಡನೆ ಕಿವಿಯ ಮೇಲಿನ ಪೆನ್ಸಿಲ್ ಕೆಳಗಿಳಿದು, 300ನ್ನು 34.5ರಿಂದ ಭಾಗಿಸಿ, ಅಲೆಯ ಉದ್ದ ಸುಮಾರು 8.7 ಮೀಟರ್ ಎಂದು ಪುಟದ ಅಂಚಿನಲ್ಲಿ ಬರೆಯುತ್ತದೆ. ಪುಸ್ತಕದಲ್ಲಿ ಅಕಸ್ಮಾತ್ 9 ಎಂದು ಅಚ್ಚಾಗಿದ್ದರೆ, ರಾತ್ರಿಯ ಮುದ್ದೆ ತಣಿಯುವುದರೊಳಗೆ ಮನೆಮಂದಿಗೆಲ್ಲ ಆ ವ್ಯತ್ಯಾಸ ತಿಳಿದಿರುತ್ತದೆ. ಶಿಡ್ಲಘಟ್ಟದ ರೀಲರ್, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕಸುಬಿನವರು, 9000 ಮೀಟರ್ ನೂಲಿನ ತೂಕವನ್ನು ಗ್ರಾಂಗಳಲ್ಲಿ ಹೇಳುವ ‘ಡೆನಿಯರ್’ ಎಂಬ ಅಳತೆಯಲ್ಲಿ ಆಯುಷ್ಯ ಕಳೆದವರಾದುದರಿಂದ, “ಅತಿ ತೆಳುವಾದ ಎಳೆ” ಎಂಬ ವರ್ಣನೆ ಅವರನ್ನು ಕೆರಳಿಸುತ್ತದೆ.

ಇದರಿಂದ ಹೊರಡುವ ತೀರ್ಮಾನವೆಂದರೆ, ತಿದ್ದಲು ಅವಕಾಶವುಳ್ಳ ಪುಸ್ತಕವೇ ಉತ್ತಮ ಉಡುಗೊರೆ. ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು ಮನುಷ್ಯ ಚಂದ್ರನ ಮೇಲೆ ಕಾಲಿಡುವ ಮೊದಲೇ ಬಂದವಾದುದರಿಂದ, ಮುಂದಿನದನ್ನೆಲ್ಲ ಅಂಚಿನಲ್ಲಿ ಸೇರಿಸುವ ಕೆಲಸ ತಂದೆಗೆ ವರ್ಷಗಟ್ಟಲೆ ಒದಗುತ್ತದೆ. ಹಿತ್ತಿಲಲ್ಲಿ ಗಿಡ ಬೆಳೆಸುವವರಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಒಪ್ಪುತ್ತದೆ. ಸಸ್ಯಶಾಸ್ತ್ರವನ್ನು ನಗುತ್ತ ಕಲಿಯಬಹುದೆಂಬುದಕ್ಕೆ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಪುರಾವೆ ವಿರಳ. ಗೌರಿಬಿದನೂರಿನವರಿಗಂತೂ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ ಭೌತವಿಜ್ಞಾನಿಯಾದ ಡಾ. ಎಚ್. ನರಸಿಂಹಯ್ಯನವರ ಆತ್ಮಕಥೆ ‘ಹೋರಾಟದ ಹಾದಿ’ಯನ್ನು ಕೊಡಬಹುದು, ಅವರನ್ನು ಬಲ್ಲವರು ಊರಿನಲ್ಲಿ ಇನ್ನೂ ಇರುವುದರಿಂದ ತಿದ್ದುಪಡಿಗಳು ಬಾಯಿಮಾತಿನಲ್ಲೂ ನಡೆಯುತ್ತವೆ. ಚಿಂತಾಮಣಿಯ ಕಡೆ ಮನೆಮಾತು ತೆಲುಗಾಗಿರುವ ತಂದೆಯರೂ ಬಹಳ; ಓದುವುದು ಕನ್ನಡದಲ್ಲಾದರೂ ಲೇಖಕನನ್ನು ಬೈಯುವುದು ತೆಲುಗಿನಲ್ಲಿ.

ಕೊಡುವವರು ಅಂಚು ಅಗಲವಾದ, ಅಕ್ಷರ ದೊಡ್ಡದಾದ ಮುದ್ರಣವನ್ನೇ ಕೊಳ್ಳಬೇಕು. ರಿಯಾಯಿತಿ ನಮೂದಾದ ಬಿಲ್ಲನ್ನು ಪುಸ್ತಕದೊಳಗೇ ಬಿಡಬೇಕು. ತಂದೆ ಗುರುತಿಸಿದ ತಪ್ಪುಗಳ ಪಟ್ಟಿ ಪ್ರಕಾಶಕರಿಗೆ ಹೊರಟು ನಿಂತ ದಿನ ತಡಮಾಡದೆ ಅಂಚೆಚೀಟಿಯನ್ನೂ ತಂದುಕೊಡಬೇಕು.