ಟಿ.ವಿ. ಪಕ್ಕದ ಜರೀಗಿಡದ ಪರವಾಗಿ

ವಿಮಾನಪುರದ ನಮ್ಮ ಅಪಾರ್ಟ್‌ಮೆಂಟಿನ ನೆರೆಹೊರೆಯವರೇ,

ಹೋದ ತಿಂಗಳು ಗೇಟಿನ ಬಳಿ ಕಸದ ಬುಟ್ಟಿಗಳ ಜೊತೆ ಮೂರು ಜರೀಗಿಡಗಳಿದ್ದವು. ಎರಡು ಒಣಗಿದ್ದವು. ಮೂರನೆಯದಕ್ಕೆ ಏನೂ ಆಗಿರಲಿಲ್ಲ. ಎಲೆಯ ಹಿಂಬದಿಯಲ್ಲಿ ಕಂದು ಚುಕ್ಕೆ ಕಂಡು, ಹುಳ ಹಿಡಿದಿದೆ ಎಂದು ಯಾರೋ ಹೆದರಿರಬೇಕು. ಅದು ಹುಳವಲ್ಲ. ಜರೀಗಿಡ ಹೂ ಬಿಡುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಅದರ ಮುಂದಿನ ಪೀಳಿಗೆ ಇರುವುದೇ ಆ ಚುಕ್ಕೆಗಳಲ್ಲಿ. ಒಂದೊಂದು ಚುಕ್ಕೆಯೂ ಪುಟ್ಟ ಚೀಲಗಳ ಗೊಂಚಲು. ಬಲಿತು ಒಣಗಿದಾಗ ಚೀಲದ ಅಂಚು ಹಿಂದಕ್ಕೆ ಬಾಗಿ, ಕವಣೆಯಂತೆ ಚಿಮ್ಮಿ, ಧೂಳಿನಂಥ ಬೀಜಕಣಗಳನ್ನು ಗಾಳಿಗೆ ತೂರುತ್ತದೆ. ಚುಕ್ಕೆಗಳು ನಡುನರದ ಎರಡೂ ಬದಿ ಸಾಲಾಗಿದ್ದರೆ ಅವು ಗಿಡದ್ದೇ. ಅಡ್ಡಾದಿಡ್ಡಿಯಾಗಿ ದಂಟಿಗೂ ಅಂಟಿಕೊಂಡು, ಎಲೆ ಜಿಗುಟಾಗಿದ್ದರೆ ಮಾತ್ರ ಹುಳದ ಅನುಮಾನ ಪಡಿ.

ನಾನು ತೀರ್ಥಹಳ್ಳಿ ಕಡೆಯವಳು. ನಮ್ಮ ಮನೆಯ ಬಾವಿಯ ಕಲ್ಲುಸಂದಿಯಲ್ಲಿ, ಕೈಗೆಟುಕದಷ್ಟು ಕೆಳಗೆ, ಕಪ್ಪು ದಂಟಿನ ಜರೀಗಿಡ ತಾನಾಗಿ ಬೆಳೆದಿತ್ತು. ಯಾರೂ ನೆಟ್ಟಿರಲಿಲ್ಲ. ಅದಕ್ಕೆ ಬೇಕಾದದ್ದೆಲ್ಲ ಬಾವಿಯಲ್ಲೇ ಇತ್ತು: ಮೇಲಿನಿಂದ ಇಳಿಯುವ ತಿಳಿಬೆಳಕು, ಪಸೆಯಿರುವ ಗಾಳಿ, ಬುಡದಲ್ಲಿ ನಿಲ್ಲದೆ ಜಾರಿಹೋಗುವ ನೀರು. ನಮ್ಮ ಹಾಲ್‌ಗಳಲ್ಲಿ ಈ ಮೂರೂ ಇಲ್ಲ. ಟಿ.ವಿ. ಪಕ್ಕದ ಮೂಲೆ ಕತ್ತಲು, ಏ.ಸಿ. ಗಾಳಿಯ ಪಸೆ ಹೀರುತ್ತದೆ, ಚಂದದ ಪಿಂಗಾಣಿ ಕುಂಡಕ್ಕೆ ತಳದಲ್ಲಿ ತೂತಿಲ್ಲ. ದಯವಿಟ್ಟು ಗಿಡವನ್ನು ಯುಟಿಲಿಟಿಗೆ ಒಯ್ಯಿರಿ. ಪಾತ್ರೆ ತೊಳೆಯುವ, ಒದ್ದೆ ಬಟ್ಟೆ ಹರವುವ ಆ ಜಾಗವೇ ನಮ್ಮ ಮನೆಗಳ ಮಲೆನಾಡು. ಮಧ್ಯಾಹ್ನದ ಬಿಸಿಲು ಮಾತ್ರ ತಾಗಬಾರದು. ಬರೀ ಕೆಮ್ಮಣ್ಣು ಸಾಲದು, ತೆಂಗಿನ ನಾರಿನ ಪುಡಿ, ಎಲೆಗೊಬ್ಬರ ಧಾರಾಳವಾಗಿ ಬೆರೆಸಿ.

ನೀರಿನ ವಿಷಯದಲ್ಲಿ ನನಗೆ ನಿಜವಾಗಿ ಸಂಕಟವಾಗುತ್ತದೆ, ಏಕೆಂದರೆ ಇಲ್ಲಿ ತಪ್ಪಾಗುತ್ತಿರುವುದು ಒಳ್ಳೆಯ ಮನಸ್ಸಿನಿಂದ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಿತಲ್ಲ, ಆಗಿನಿಂದ ನಮ್ಮಲ್ಲಿ ಹಲವರು ಆರ್.ಓ. ಫಿಲ್ಟರಿನಿಂದ ಹೊರಹೋಗುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಕುಂಡಗಳಿಗೆ ಹಾಕುತ್ತಿದ್ದಾರೆ. ನೆಲ ಒರೆಸಲು ಅದು ಆದೀತು, ಜರೀಗಿಡಕ್ಕೆ ಬೇಡ. ಬೋರ್‌ವೆಲ್ ನೀರಿನ ಉಪ್ಪೆಲ್ಲ ಗಟ್ಟಿಯಾಗಿ ಉಳಿಯುವುದು ಅದರಲ್ಲೇ. ಮೊದಲು ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಆಮೇಲೆ ಎಲೆಯ ತುದಿ ಸುಡುತ್ತದೆ. ಏ.ಸಿ. ಪೈಪಿನಿಂದ ತೊಟ್ಟಿಕ್ಕುವುದು ಗಾಳಿಯ ತೇವ ತಣಿದು ಬಂದ ನೀರು, ಅದರಲ್ಲಿ ಆ ಉಪ್ಪಿಲ್ಲ. ಮಳೆನೀರು ಎಲ್ಲಕ್ಕಿಂತ ಮೇಲು. ಟೆರೇಸಿನ ಪೈಪಿನಡಿ ಒಂದು ಡ್ರಮ್ ಇಡೋಣ ಎಂದು ಅಸೋಸಿಯೇಷನ್ ಸಭೆಯಲ್ಲಿ ಮತ್ತೆ ಕೇಳುತ್ತೇನೆ.

ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಗಿಡ ಕೊಳ್ಳುವವರು ಜನವರಿಗಿಂತ ಆಗಸ್ಟಿನಲ್ಲಿ ಕೊಳ್ಳಿ. ಆಗಸ್ಟಿನ ಗಿಡಕ್ಕೆ ಬೇರೂರಲು ಮಳೆಗಾಲವಿರುತ್ತದೆ. ಜನವರಿಯದ್ದು ಕುಂಡಕ್ಕೆ ಹೊಂದಿಕೊಳ್ಳುವ ಮೊದಲೇ ಮಾರ್ಚಿನ ಒಣಗಾಳಿಗೆ ಸಿಗುತ್ತದೆ. ರಸ್ತೆಯ ಧೂಳಿನ ಕಡೆ ಮನೆಯಿರುವವರು ಗಾಜಿನ ಭರಣಿಯಲ್ಲಿ ಬೆಳೆಸಬಹುದು. ಲಂಡನ್ನಿನ ಹೊಗೆಯಲ್ಲಿ ಜರೀಗಿಡ ಉಳಿಸಿಕೊಳ್ಳಲಾಗದೆ ಸೋತಿದ್ದ ನಥಾನಿಯಲ್ ವಾರ್ಡ್ ಎಂಬ ವೈದ್ಯರು 1829ರಲ್ಲಿ, ಪತಂಗದ ಕೋಶ ಇಟ್ಟಿದ್ದ ಮುಚ್ಚಿದ ಬಾಟಲಿಯ ಮಣ್ಣಿನಲ್ಲಿ ಅದು ತಾನೇ ಮೊಳೆತದ್ದನ್ನು ಕಂಡರು.

ನಮ್ಮಲ್ಲೂ ಒಂದು ಹಾಗೆ ಮೊಳೆತಿದೆ. ಹಿಂದಿನ ಕಾಂಪೌಂಡ್ ಗೋಡೆಯಲ್ಲಿ, ಪೈಪು ಸೋರುವಲ್ಲಿ ನೋಡಿ. ಎಚ್‌.ಎ.ಎಲ್. ರನ್‌ವೇಯಿಂದ ವಿಮಾನ ಏರುವಾಗ ನಮ್ಮ ಕಿಟಕಿಯ ಗಾಜು ನಡುಗುತ್ತದೆ. ಈ ಗಿಡ ಮಾತ್ರ ಸದ್ದಿಲ್ಲದೆ ಗಾಳಿಯಲ್ಲಿ ಬಂದಿಳಿದದ್ದು. ಮುಂದಿನ ವಾರ ಗೋಡೆಗೆ ಸುಣ್ಣ ಬಳಿಯುವವರು ಬರುತ್ತಾರೆ. ಆ ಒಂದು ಗೇಣು ಜಾಗ ಬಿಡಲು ಹೇಳಿ.

ಗೇಟಿನ ಬಳಿಯಿದ್ದ ಮೂರೂ ನನ್ನಲ್ಲಿವೆ. ಒಣಗಿದ ಎರಡರ ಗರಿ ಬುಡಕ್ಕೆ ಕತ್ತರಿಸಿದ್ದೇನೆ; ಬೇರು ಇನ್ನೂ ಹಸಿಯಾಗಿದೆ. ಮೂರನೆಯದರಲ್ಲಿ ಎರಡು ಹೊಸ ಸುರುಳಿ ಬಿಚ್ಚುತ್ತಿವೆ. ಯಾರದ್ದೋ ಅವರು ಬಂದು ಒಯ್ಯಿರಿ. ಕುಂಡ ಮಾತ್ರ ಬದಲಾಯಿಸಿದ್ದೇನೆ, ತಳದಲ್ಲಿ ತೂತಿದೆ.

ನಿಮ್ಮ ನೆರೆಯವಳು