ಭೂಪ ರಾಗವನ್ನು ಸ್ವಂತ ಮಾತಿನಲ್ಲಿ ಬರೆಯುವ ಕುರಿತು

ಸಂಶೋಧನಾ ಫೆಲೋಶಿಪ್ ಆಯ್ಕೆ ಸಮಿತಿಯ ಮಾನ್ಯ ಸದಸ್ಯರಿಗೆ,

ಸಂಗೀತದಲ್ಲಿ ಪಿಎಚ್.ಡಿ. ಮುಗಿಸಿ ಧಾರವಾಡದಲ್ಲಿ ಕುಳಿತಿರುವ ಅರ್ಜಿದಾರ ನಾನು.

ನನ್ನ ಪೋಸ್ಟ್‌ಡಾಕ್ಟರಲ್ ಅರ್ಜಿ ತಿದ್ದುಪಡಿಗೆಂದು ವಾಪಸ್ ಬಂದಿದೆ. ಹೋಲಿಕೆಯ ಪ್ರಮಾಣ ಹೆಚ್ಚಾಯಿತಂತೆ. ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲಿ ಶೇ 10ರವರೆಗೆ ದಂಡವಿಲ್ಲ, ದಾಟಿದರೆ ಉಂಟು. ಒಳ್ಳೆಯ ನಿಯಮವೇ. ಕದ್ದ ಪ್ರಬಂಧಗಳನ್ನು ನಾನೂ ಸಾಕಷ್ಟು ಓದಿದ್ದೇನೆ. ಆದರೆ ವರದಿ ತೆರೆದರೆ ಕೆಂಪು ಬಳಿದಿರುವುದು ಎಲ್ಲಿಗೆ? ಭೂಪ ರಾಗದ ಆರೋಹಕ್ಕೆ. ಸ ರಿ ಗ ಪ ಧ ಸ. ಪಕ್ಕದಲ್ಲಿ ಷರಾ: ‘ಸ್ವಂತ ಮಾತಿನಲ್ಲಿ ಬರೆಯಿರಿ.’

ಬರೆಯಬಹುದಿತ್ತು. ಒಂದು ಮಧ್ಯಮ ಸೇರಿಸಿದರೆ ಹೋಲಿಕೆ ಇಳಿಯುತ್ತದೆ, ಭೂಪವೂ ಕೆಡುತ್ತದೆ. ಸ್ವರ ಮುಟ್ಟದೆ, ಗಾಂಧಾರ ಬಿಟ್ಟು ಧೈವತಕ್ಕೆ ಜೋರು ಕೊಟ್ಟರೆ ಸಂಜೆಯ ಭೂಪ ಹೋಗಿ ಬೆಳಗಿನ ದೇಶಕಾರ ಬರುತ್ತದೆ. ಕಛೇರಿಯ ಹಿಂದಿನ ಸಾಲಿನಲ್ಲಿ ಅಡಿಕೆ ಕತ್ತರಿಸುತ್ತ ಕೂತವರೂ ಇದನ್ನು ಮೊದಲ ಆಲಾಪದಲ್ಲೇ ಹಿಡಿಯುತ್ತಾರೆ. ತಮ್ಮ ತಂತ್ರಾಂಶಕ್ಕೆ ಮಾತ್ರ ಎರಡೂ ಒಂದೇ, ನೂರಕ್ಕೆ ನೂರು ಹೋಲಿಕೆ. ಯಾವ ರಾಗ ಯಾವುದರಿಂದ ಕದ್ದಿತೆಂದು ಸಮಿತಿಯೇ ತೀರ್ಮಾನಿಸಿ ತಿಳಿಸಿದರೆ ಉಪಕಾರವಾದೀತು. ಅಂದಹಾಗೆ, ಪ್ರಮಾಣಿತ ಚಿಹ್ನೆ, ಸಮೀಕರಣಗಳನ್ನು ಹೋಲಿಕೆಯ ಲೆಕ್ಕಕ್ಕೆ ಹಿಡಿಯಬಾರದೆಂದು ಅದೇ ನಿಯಮ ಹೇಳುತ್ತದೆ. ನೀರಿನ ಸೂತ್ರವನ್ನು ಸ್ವಂತ ಮಾತಿನಲ್ಲಿ ಬರೆಯಿರೆಂದು ರಸಾಯನಶಾಸ್ತ್ರದವರಿಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

ನನ್ನ ವಿಷಯವೇ ಹೋಲಿಕೆ ಎಂಬುದು ಇನ್ನೊಂದು ತೊಡಕು. ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಮಿರಜಕರರಲ್ಲಿ ಗ್ವಾಲಿಯರ್ ಗಾಯಕಿ ಕಲಿತರು. ಆಮೇಲೆ ಮಂಜೀಖಾನರು, ಅವರು ತೀರಿಕೊಂಡ ಮೇಲೆ ಅವರ ತಮ್ಮ ಬುರ್ಜೀಖಾನರು ಜೈಪುರ-ಅತ್ರೌಲಿಯ ತಾಲೀಮು ಕೊಟ್ಟರು. ಇದರಲ್ಲಿ ಗುರುಗಳದ್ದು ಎಲ್ಲಿ ಮುಗಿದು ಮನ್ಸೂರರದ್ದು ಎಲ್ಲಿ ಶುರುವಾಯಿತು? ಶಿವಮತ ಭೈರವ, ಖಟ್, ಬಸಂತಿ ಕೇದಾರಗಳ ಧ್ವನಿಮುದ್ರಿಕೆ ಇಟ್ಟುಕೊಂಡು ಅದನ್ನು ಕೇಳಿ ನೋಡುವುದು ನನ್ನ ಯೋಜನೆ. ಗುರುವಿನ ಗಾಯಕಿ ಶಿಷ್ಯನ ಗಂಟಲಲ್ಲಿ ಶೇ 90 ಕೇಳಿಸಿದರೆ ನಮ್ಮ ಕಡೆ ಭೇಷ್ ಅನ್ನುತ್ತಾರೆ. ಪದ್ಮ ಪ್ರಶಸ್ತಿ ಬರುವುದು ಉಳಿದ ಶೇ 10ಕ್ಕೆ.

ಆ ಧ್ವನಿಮುದ್ರಿಕೆಯನ್ನು ಲಗತ್ತಿಸಲು ಹೋದೆ. ಪೋರ್ಟಲ್ ಪಿಡಿಎಫ್ ಬಿಟ್ಟು ಬೇರೇನೂ ನುಂಗುವುದಿಲ್ಲ. ಸಹಾಯವಾಣಿಯ ಹುಡುಗ ಬಹಳ ಮರ್ಯಾದೆಯಿಂದ, ‘ಸರ, ಹಾಡು ಸ್ಕ್ಯಾನ್ ಮಾಡಿ ಹಾಕ್ರಿ’ ಅಂದ. ‘ಮಾದರಿ ಗಾತ್ರ’ ಎಂಬಲ್ಲಿ ‘ಒಬ್ಬರು’ ಎಂದು ತುಂಬಿದ್ದಕ್ಕೆ, ಕನಿಷ್ಠ 30 ಇರಲಿ ಎಂದು ಸೂಚನೆ ಬಂತು. ಇನ್ನೂ ಇಪ್ಪತ್ತೊಂಬತ್ತು ಮನ್ಸೂರರನ್ನು ಹೊಂದಿಸಲು ಸಮಯಾವಕಾಶ ಬೇಕು.

ಮಾರ್ಗದರ್ಶಕರ ಪಿಎಚ್.ಡಿ., ಪ್ರಕಟಿತ ಲೇಖನಗಳ ಅಂಕ ಇತ್ಯಾದಿ ಕೇಳಿದ್ದೀರಿ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕರಾಗಿದ್ದ ಗಂಗೂಬಾಯಿ ಹಾನಗಲ್ಲರ ಶಾಲೆ ಪ್ರಾಥಮಿಕ ಹಂತದಲ್ಲೇ ನಿಂತಿತ್ತು. ಈಗ ಮೈಸೂರಿನಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯವೇ ಇದೆ. ಈ ವಾದ ಹಳತು, ತಮಗೂ ಕೇಳಿ ಸಾಕಾಗಿರಬೇಕು. ಬಿಟ್ಟೆ.

ಸಾದಿಲ್ವಾರು ಖರ್ಚಿನಲ್ಲಿ ತಂಬೂರಿ ಕೊಳ್ಳುವುದಾದರೆ ಮೂರು ಕೊಟೇಶನ್ ತರಿಸಿ ಕಡಿಮೆ ದರದ್ದೇ ಕೊಳ್ಳಬೇಕೆಂದಿದೆ. ಮಿರಜದಲ್ಲಿ ತಂಬೂರಿ ಮಾಡುವವರೊಬ್ಬರಿಗೆ ಇದನ್ನು ಓದಿ ಹೇಳಿದೆ. ಅವರು ತಂಬೂರಿಯ ಕುದುರೆ ಉಜ್ಜುವುದನ್ನು ನಿಲ್ಲಿಸಿ, ‘ಹಂಗಾದ್ರ ತಂತಿ ಇಲ್ಲದ್ದು ಒಯ್ರಿ, ಭಾಳ ಸೋವಿ’ ಅಂದರು.

ಕೊನೆಯದಾಗಿ ಸಂದರ್ಶನ. ಹೋದ ಸಲ ತಮ್ಮಲ್ಲೊಬ್ಬರು ಎರಡು ಘರಾಣೆಗಳ ವ್ಯತ್ಯಾಸ ಕೇಳಿದರು. ಹಾಡಿ ತೋರಿಸಲೇ ಎಂದೆ. ಪಕ್ಕದ ಕೋಣೆಯಲ್ಲಿ ವಾಣಿಜ್ಯಶಾಸ್ತ್ರದವರ ಸಂದರ್ಶನ ನಡೆದಿದೆ, ತೊಂದರೆಯಾದೀತು, ಬಾಯಿಮಾತಿನಲ್ಲಿ ಹೇಳಿ ಎಂದಿರಿ. ಈ ಸಲ ದಯವಿಟ್ಟು ಅವರನ್ನೂ ಒಳಗೆ ಕರೆದು ಕೂಡಿಸಿ. ಧಾರವಾಡದಲ್ಲಿ ವಾಣಿಜ್ಯದ ಮಾಸ್ತರರಿಗೂ ರಾಗ ತಿಳಿಯುತ್ತದೆ.

ಇಂತಿ ತಮ್ಮ ವಿಧೇಯ,
ಅರ್ಜಿದಾರ